ಕುಕ್‌ನ ಹಡಗಿನ ಹಂದಿಗಳು ಸತ್ತದ್ದೇಕೆ?

ಪ್ರಶ್ನೆ: 1770ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ಜೇಮ್ಸ್ ಕುಕ್‌ನ ನಾವಿಕರು ಅಲ್ಲಿಯ ಯಾವುದೋ ಬೀಜ ತಿಂದು ಕಾಯಿಲೆ ಬಿದ್ದರಂತೆ. ಮೂಲನಿವಾಸಿಗಳಿಗೆ ಅದೇ ಬೀಜ ಆಹಾರವಾಗಿತ್ತಂತೆ. ಅವರ ದೇಹಕ್ಕೆ ವಿಷ ಒಗ್ಗಿತ್ತೇ? ನಮ್ಮ ಅಂಗಳದ ಸೇಗೋ ಪಾಮ್ ಕೂಡ ಅದೇ ಕುಲದ ಗಿಡವೇ?
— ಓದುಗರು, ಶಿರಸಿ

ಉತ್ತರ: ಒಗ್ಗಿರಲಿಲ್ಲ. ಹಸಿಯಾಗಿ ತಿಂದಿದ್ದರೆ ಅವರೂ ಹಾಸಿಗೆ ಹಿಡಿಯುತ್ತಿದ್ದರು. ವ್ಯತ್ಯಾಸವಿದ್ದದ್ದು ದೇಹದಲ್ಲಲ್ಲ, ಅಡುಗೆಯಲ್ಲಿ.

1770ರ ಜೂನ್ 11ರ ರಾತ್ರಿ ಕುಕ್‌ನ ‘ಎಂಡೆವರ್’ ಹಡಗು ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳದ ದಿಬ್ಬಕ್ಕೆ ಬಡಿದು ತೂತಾಯಿತು. ರಿಪೇರಿಗಾಗಿ ಅದನ್ನು ಒಂದು ನದಿಯ ಬಾಯಿಗೆ ಎಳೆದು ತಂದರು. ಇಂದಿನ ಕುಕ್‌ಟೌನ್ ಇರುವುದು ಅಲ್ಲೇ. ಅದು ಗೂಗು ಯಿಮಿಥಿರ್ ಜನರ ನೆಲ. ಸುಮಾರು ಏಳು ವಾರ ಅಲ್ಲಿದ್ದಾಗ, ಸ್ಥಳೀಯರು ಬೆಂಕಿ ಹಾಕಿದ್ದ ಜಾಗಗಳ ಸುತ್ತ ತಾಳೆಯಂತೆ ಕಾಣುವ ಸೈಕಸ್ ಎಂಬ ಗಿಡದ ಬೀಜದ ಸಿಪ್ಪೆಗಳು ರಾಶಿಯಾಗಿ ಬಿದ್ದಿರುವುದು ಹಡಗಿನವರ ಕಣ್ಣಿಗೆ ಬಿತ್ತು. ಅವರು ತಿನ್ನುವುದಾದರೆ ನಾವೇಕೆ ತಿನ್ನಬಾರದು ಎಂದು ಕೆಲವರು ಒಂದೆರಡು ಬೀಜ ಬಾಯಿಗೆ ಹಾಕಿಕೊಂಡರು. ವಾಂತಿ, ಭೇದಿ ಎರಡೂ ಒಟ್ಟಿಗೆ ಶುರುವಾದವು. ಹಂದಿಗಾದರೂ ಅದು ಜೀರ್ಣವಾದೀತೆಂಬ ನಂಬಿಕೆಯಿತ್ತು. ಹಡಗಿನ ಹಂದಿಗಳು ಅದನ್ನು ತಿಂದು ಸತ್ತೇ ಹೋದವು.

ಹಡಗಿನಲ್ಲಿದ್ದ ಸಸ್ಯಾಸಕ್ತ ಜೋಸೆಫ್ ಬ್ಯಾಂಕ್ಸ್‌ಗೆ ಆಗ ಇಪ್ಪತ್ತೇಳು ವರ್ಷ. ಆತ ದಿನಚರಿಯಲ್ಲಿ ಬರೆದ ಊಹೆ ನನಗೆ ಬಹಳ ಇಷ್ಟ: ಈ ಜನಕ್ಕೆ ವಿಷ ತೆಗೆಯುವ ಉಪಾಯ ಗೊತ್ತಿರಬೇಕು, ವಿಷವಿರುವುದು ಬೀಜದ ರಸದಲ್ಲಿ, ಮರಗೆಣಸಿನಲ್ಲಿ ಇರುವಂತೆ. ಊಹೆ ಗುರಿ ಮುಟ್ಟಿತ್ತು. ಸೈಕಸ್ ಬೀಜದ ವಿಷದ ಹೆಸರು ಸೈಕಾಸಿನ್. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಯಕೃತ್ತನ್ನು ಕೆಡಿಸುವ ವಸ್ತು ಹೊರಬರುತ್ತದೆ. ಆದರೆ ಸೈಕಾಸಿನ್ ನೀರಿನಲ್ಲಿ ಕರಗುತ್ತದೆ, ಉಪಾಯವೆಲ್ಲ ಅಷ್ಟರಲ್ಲೇ ಇದೆ. ಉತ್ತರ ಆಸ್ಟ್ರೇಲಿಯಾದ ಹೆಂಗಸರು ಬೀಜ ಒಡೆದು, ಒಣಗಿಸಿ, ಜಜ್ಜಿ, ಹೆಣೆದ ಚೀಲಕ್ಕೆ ತುಂಬಿ ಹರಿಯುವ ನೀರಿನಲ್ಲಿ ದಿನಗಟ್ಟಲೆ ಇಡುತ್ತಿದ್ದರು. ಬಳಿಕ ಅರೆದು, ಬಿಸಿ ಬೂದಿಯಲ್ಲಿ ರೊಟ್ಟಿಯಂತೆ ಬೇಯಿಸುತ್ತಿದ್ದರು. ಬರೀ ಸುಟ್ಟರೆ ಸಾಲದು, ತೊಳೆತವೇ ಮುಖ್ಯ.

ಇದು ನಿಮಗೆ ಹೊಸದೇನೂ ಅಲ್ಲ. ನಿಮ್ಮ ಕಡೆ ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸದೆ ಯಾರಾದರೂ ಪಲ್ಯ ಮಾಡುತ್ತಾರೆಯೇ? ಕಳಲೆಯಿಂದ ಹೋಗುವುದು ಸಯನೈಡ್ ಕೊಡುವ ವಸ್ತು, ಸೈಕಸ್ ಬೀಜದಿಂದ ಸೈಕಾಸಿನ್, ಕೈಕೆಲಸ ಒಂದೇ. ದಡದಲ್ಲಿ ಬಿದ್ದ ಬಿದಿರಿನ ಸಿಪ್ಪೆಯನ್ನಷ್ಟೇ ನೋಡಿದ ಹೊರಗಿನವನಿಗೆ ಆ ಮೂರು ದಿನದ ನೀರು ಕಾಣುವುದಿಲ್ಲ.

ಕುಕ್‌ಗಿಂತ ಮೊದಲೂ ಹೀಗಾಗಿತ್ತು. 1697ರ ಜನವರಿಯಲ್ಲಿ ಡಚ್ಚರ ವಿಲ್ಲೆಮ್ ಡಿ ವ್ಲಾಮಿಂಗ್ ಪಶ್ಚಿಮ ಕರಾವಳಿಯ ಸ್ವಾನ್ ನದಿಯ ಬಳಿ ಇಳಿದಾಗ, ಅವನ ಕಡೆಯವರೂ ಸೈಕಸ್‌ನ ನೆಂಟನಾದ ಜಾಮಿಯಾ ಬೀಜ ತಿಂದು ವಾಂತಿ ಮಾಡಿಕೊಂಡರು. ಅಲ್ಲಿಯ ನೂಂಗಾರ್ ಜನ ತಿನ್ನುತ್ತಿದ್ದದ್ದು ಬೀಜದ ಮೇಲಿನ ಕೆಂಪು ತಿರುಳನ್ನು, ಅದನ್ನೂ ವಾರಗಟ್ಟಲೆ ನೀರಿನಲ್ಲಿ ನೆನೆಸಿಟ್ಟೋ ಮಣ್ಣಿನಲ್ಲಿ ಹೂತಿಟ್ಟೋ ತೆಗೆದು. ಡಚ್ಚರು ಕಡಿದದ್ದು ಒಳಗಿನ ಬೀಜವನ್ನು.

ಇನ್ನು ನಿಮ್ಮ ಅಂಗಳದ ಗಿಡ. ಹೌದು, ಅದೂ ಅದೇ ಕುಲದ್ದು. ನರ್ಸರಿಯವರು ಸೇಗೋ ಪಾಮ್ ಎಂದು ಮಾರುವುದು ಸೈಕಸ್ ರೆವೊಲ್ಯೂಟಾ. ಹೆಸರಿನಲ್ಲಿ ಪಾಮ್ ಇದ್ದರೂ ತಾಳೆಯ ಜಾತಿಯಲ್ಲ. ನಮ್ಮ ಅಂಗಡಿಯ ಸಬ್ಬಕ್ಕಿಗೂ ಇದಕ್ಕೂ ಸಂಬಂಧವಿಲ್ಲ, ಸಬ್ಬಕ್ಕಿ ಮರಗೆಣಸಿನದು. ಈ ಗಿಡದ ಎಲ್ಲ ಭಾಗವೂ ವಿಷ, ಬೀಜವಂತೂ ಇನ್ನೂ ಹೆಚ್ಚು. ನಾಯಿಗಳು ತಿಂದು ಯಕೃತ್ತು ಕೆಟ್ಟು ಸಾಯುವುದುಂಟು. ಹೆಣ್ಣು ಗಿಡವಾಗಿದ್ದರೆ ನಡುವೆ ಕಿತ್ತಳೆ ಬಣ್ಣದ ಬೀಜ ಕಾಣಿಸುತ್ತದೆ. ಉದುರುವ ಮೊದಲೇ ಕೈಗವಸು ಹಾಕಿ ಕಿತ್ತುಬಿಡಿ. ನೆನೆಸಿ ನೋಡೋಣ ಎಂಬ ಆಸೆ ಬೇಡ: ಎಷ್ಟು ದಿನ, ಎಷ್ಟು ನೀರು ಎಂದು ಹೇಳಿಕೊಡಲು ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೂ ಅವರಿಗೆ ಗೊತ್ತಿರುವುದು ಕಳಲೆಯ ಲೆಕ್ಕ.