ಸ್ಕೋರ್ 740 ಇದೆ, ಗೃಹಸಾಲ ಯಾಕೆ ಸಿಗಲಿಲ್ಲ?

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಕೆಲಸ ಹೋದಾಗ ಕ್ರೆಡಿಟ್ ಕಾರ್ಡ್ ಬಾಕಿ 80 ಸಾವಿರ ಆಗಿತ್ತು. ವಸೂಲಿಗೆ ಬಂದವರು '35 ಸಾವಿರ ಕಟ್ಟಿ, ಮುಗಿಸಿಬಿಡೋಣ' ಅಂದರು. ಕಟ್ಟಿದೆ. ಈಗ ಸಿಬಿಲ್ ಸ್ಕೋರ್ (ಸಾಲ ತೀರಿಸಿದ ರೀತಿಗೆ ಸಿಗುವ ಅಂಕ) 740 ಇದೆ. ಆದರೂ ಬ್ಯಾಂಕು ಗೃಹಸಾಲ ಕೊಡಲಿಲ್ಲ. ಯಾಕೆ?

ಉತ್ತರ: ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಎಲ್ಲರೂ ಸ್ಕೋರ್ ಬರೆಯುತ್ತಾರೆ, ಸಾಲಗಳ ಪೂರ್ತಿ ದಾಖಲೆಯಾದ ಕ್ರೆಡಿಟ್ ರಿಪೋರ್ಟ್‌ನಲ್ಲಿ ಏನಿದೆ ಅಂತ ಯಾರೂ ಬರೆಯುವುದಿಲ್ಲ. ತೆಗೆದು ನೋಡಿರುವುದೇ ಇಲ್ಲ! ಸ್ಕೋರ್ ಚೆನ್ನಾಗಿದ್ದರೆ ನಿಮ್ಮ ಅರ್ಜಿ ಮುಂದಿನ ಟೇಬಲ್‌ಗೆ ಹೋಗುತ್ತದೆ, ಅಷ್ಟೇ. ಅಲ್ಲಿ ಕೂತವರು ಇಡೀ ರಿಪೋರ್ಟ್ ಓದುತ್ತಾರೆ. ಯಾವ ಕಂತು ಎಷ್ಟು ದಿನ ತಡವಾಯಿತು, ಯಾವ ಖಾತೆ ಹೇಗೆ ಮುಗಿಯಿತು, ಎಲ್ಲವೂ ಅದರಲ್ಲಿರುತ್ತದೆ. ನಿಮ್ಮ ಕಾರ್ಡಿನ ಮುಂದೆ 'ಸೆಟಲ್ಡ್' ಅಂತ ಇರುತ್ತದೆ. ಅಂದರೆ ಬ್ಯಾಂಕು 45 ಸಾವಿರ ಕಳೆದುಕೊಂಡಿದೆ. 20 ವರ್ಷಕ್ಕೆ ಸಾಲ ಕೊಡುವವರು ಅದನ್ನು ನೋಡಿ ಹಿಂಜರಿಯುವುದು ಸಹಜ ಅಲ್ವಾ?

ವಸೂಲಿಯವರ ಮೇಲೆ ನನಗೆ ಸಿಟ್ಟಿದೆ. ಹಣ ಪಡೆಯುವಾಗ 'ಎಲ್ಲ ಕ್ಲಿಯರ್' ಅನ್ನುತ್ತಾರೆ. ರಿಪೋರ್ಟ್‌ನಲ್ಲಿ ಏನು ಬೀಳುತ್ತದೆ ಅಂತ ಬಾಯಿ ಬಿಡುವುದಿಲ್ಲ.

ಈಗ ಮಾಡಬೇಕಾದ್ದು ಇದು. ಮೊದಲು ಬೇರೆ ಬ್ಯಾಂಕುಗಳಿಗೆ ಅರ್ಜಿ ಹಾಕುವುದನ್ನು ನಿಲ್ಲಿಸಿ. ಪ್ರತಿ ಅರ್ಜಿಯೂ ರಿಪೋರ್ಟ್‌ನಲ್ಲಿ ದಾಖಲಾಗುತ್ತದೆ, ಸಾಲಕ್ಕೆ ಪರದಾಡುತ್ತಿರುವವರ ಹಾಗೆ ಕಾಣುತ್ತೀರಿ. ಆಮೇಲೆ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಸಾಲದ ದಾಖಲೆ ಇಡುವ ಈ ನಾಲ್ಕೂ ಸಂಸ್ಥೆಗಳಿಂದ ರಿಪೋರ್ಟ್ ತರಿಸಿ. ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಪ್ರತಿ ಸಂಸ್ಥೆಯೂ ಪುಕ್ಕಟೆ ಕೊಡಲೇಬೇಕು.

ನಂತರ ಕಾರ್ಡ್ ಕೊಟ್ಟ ಬ್ಯಾಂಕಿಗೆ ಬರೆಯಿರಿ. ಫೋನ್ ಬೇಡ, ಇಮೇಲ್ ಅಥವಾ ಪತ್ರ. ನೀವು ಬಿಟ್ಟುಕೊಟ್ಟ ಹಣ ಕಟ್ಟಲು ಸಿದ್ಧ, ಕಟ್ಟಿದ ಮೇಲೆ ಖಾತೆಯನ್ನು 'ಕ್ಲೋಸ್ಡ್' (ಪೂರ್ತಿ ತೀರಿದೆ) ಅಂತ ವರದಿ ಮಾಡುತ್ತೀರಾ ಅಂತ ಕೇಳಿ. ಲಿಖಿತ ಒಪ್ಪಿಗೆ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ನಾನು ಈ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಹುಷಾರು. ಕಟ್ಟಿದ ಮೇಲೆ ಕೇಳಿದವರು ತಿಂಗಳುಗಟ್ಟಲೆ ಅಲೆದದ್ದನ್ನು ನೋಡಿದ್ದೇನೆ. ಬ್ಯಾಂಕು ಆ ಸಾಲವನ್ನು ಬೇರೆ ಕಂಪನಿಗೆ ಮಾರಿದ್ದರೆ ಆ ಕಂಪನಿಯ ಹತ್ತಿರವೇ ಮಾತಾಡಬೇಕು. ಹಣ ಕಟ್ಟಿ, ನೋ ಡ್ಯೂ ಸರ್ಟಿಫಿಕೇಟ್, ಅಂದರೆ ಬಾಕಿ ಏನೂ ಇಲ್ಲ ಅನ್ನುವ ಪತ್ರ, ತೆಗೆದುಕೊಳ್ಳಿ.

2025ರಿಂದ ಬ್ಯಾಂಕುಗಳು ಈ ಸಂಸ್ಥೆಗಳಿಗೆ 15 ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು. ಆದರೂ ರಿಪೋರ್ಟ್ ಬದಲಾಗದಿದ್ದರೆ ದೂರು ಕೊಡಿ. 30 ದಿನದಲ್ಲಿ ಬಗೆಹರಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು, ಇದು ರಿಸರ್ವ್ ಬ್ಯಾಂಕಿನ ನಿಯಮ. ಸಂಕೋಚ ಪಡದೆ ಕೇಳಿ.

ಇಷ್ಟಾದರೂ ಮರುದಿನವೇ ಸಾಲ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಈಗಿನ ಸಾಲಗಳ ಕಂತನ್ನು ತಪ್ಪದೆ ಕಟ್ಟುತ್ತಾ ಆರೇಳು ತಿಂಗಳು ಕಾಯಿರಿ. ಆಮೇಲೆ ಒಂದೇ ಬ್ಯಾಂಕಿಗೆ, ಸರ್ಟಿಫಿಕೇಟ್ ಜೊತೆ, ಕೆಲಸ ಹೋದದ್ದನ್ನೂ ಮುಚ್ಚಿಡದೆ ಅರ್ಜಿ ಹಾಕಿ.

ಪ್ರಶ್ನೆ: 15 ಸಾವಿರ ಕೊಟ್ಟರೆ ವಾರದಲ್ಲಿ 'ಸೆಟಲ್ಡ್' ಅಳಿಸಿಕೊಡುತ್ತೇನೆ ಅಂತ ಒಬ್ಬ ಏಜೆಂಟ್ ಹೇಳುತ್ತಿದ್ದಾನೆ. ನಂಬಬಹುದೇ?

ಉತ್ತರ: ಬೇಡ. ನಿಜವಾದ ಮಾಹಿತಿಯನ್ನು ಅಳಿಸುವ ಅಧಿಕಾರ ಅವನಿಗಿಲ್ಲ. ತಪ್ಪು ಮಾಹಿತಿ ಇದ್ದರೆ ತಿದ್ದಿಸಲು ನೀವೇ ದೂರು ಕೊಡಬಹುದು, ಅದಕ್ಕೆ ದುಡ್ಡಿಲ್ಲ. ಪ್ಯಾನ್, ಆಧಾರ್, ಓಟಿಪಿ ಇಂಥವರ ಕೈಗೆ ಕೊಟ್ಟವರು ಗೊತ್ತಿಲ್ಲದ ಸಾಲ ತಲೆಗೆ ಕಟ್ಟಿಕೊಂಡಾರು.

ಪ್ರಶ್ನೆ: ಪದೇ ಪದೇ ನೋಡಿದರೆ ಸ್ಕೋರ್ ಇಳಿಯುತ್ತದಾ?

ಉತ್ತರ: ನೀವೇ ನೋಡಿದರೆ ಇಳಿಯುವುದಿಲ್ಲ. ಈ ಸುಳ್ಳನ್ನು ಇನ್ನಾದರೂ ಬಿಡಿ.

ಪ್ರಶ್ನೆ: ಇದುವರೆಗೆ ಸಾಲವನ್ನೇ ಮಾಡಿಲ್ಲ. ಸುಮ್ನೆ ಒಂದು ಚಿಕ್ಕ ಸಾಲ ಮಾಡಲಾ?

ಉತ್ತರ: ಬೇಡದ ಸಾಲಕ್ಕೆ ಬಡ್ಡಿ ಯಾಕೆ ಕಟ್ಟುತ್ತೀರಿ? ಹಳೆಯ ಸಾಲದ ದಾಖಲೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರನ್ನು ವಾಪಸ್ ಕಳಿಸಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ರಿಟರ್ನ್ ಇಟ್ಟುಕೊಂಡು ಹೋಗಿ.