ಎಸ್‌ಎಲ್‌ಕೆ ಹಿಂದಿನ ಟೈರ್ 245/40 ಸಿಗುತ್ತಿಲ್ಲ, ನಾಲ್ಕಕ್ಕೂ 225/50 ಹಾಕಿಸಬಹುದಾ?

ಬೇಡ ಸರ್, ಹಾಕಿಸಬೇಡಿ.

ನಿಮ್ಮದು 2008ರ ಮರ್ಸಿಡಿಸ್ ಎಸ್‌ಎಲ್‌ಕೆ, ಕಂಪನಿಯ 17 ಇಂಚಿನ ಅಲಾಯ್ ಹಾಗೇ ಇವೆ, ಮುಂದೆ 225/45 ಆರ್17, ಹಿಂದೆ 245/40 ಆರ್17 ಅಂತ ಬರೆದಿದ್ದೀರಿ. ಇದರಲ್ಲಿ ಮೊದಲ ಅಂಕಿ ಟೈರಿನ ಅಗಲ, ಮಿ.ಮೀ.ನಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಟೈರಿನ ಪಕ್ಕ ಎತ್ತರ ಇದೆ ಅನ್ನುವುದು. ಆರ್17 ಅಂದರೆ 17 ಇಂಚಿನ ರಿಮ್‌ಗೆ. ಬೀದರ್‌ನಲ್ಲಿ ಹಿಂದಿನ ಸೈಜ್ ಸಿಗದೆ ಅಂಗಡಿಯವರು "ನಾಲ್ಕಕ್ಕೂ 225/50 ಹಾಕಿಸ್ರಿ, ನಮ್ಮ ರಸ್ತೆಗೆ ಅದೇ ಚಲೋ" ಅಂದಿದ್ದಾರೆ. ಅವರು ಕೆಟ್ಟ ಮನಸ್ಸಿನಿಂದ ಹೇಳಿಲ್ಲ. ಗುಂಡಿ ರಸ್ತೆಗೆ ಎತ್ತರದ ಟೈರ್ ಒಳ್ಳೆಯದು ಅನ್ನುವುದು ಬೊಲೆರೊಗೆ ನಿಜ. ನಿಮ್ಮ ಗಾಡಿಯ ಹಿಂದಿನ ರಿಮ್‌ಗೆ ಆ ಮಾತು ಹೊಂದುವುದಿಲ್ಲ.

ನಾನು ಕಲಬುರಗಿಯಲ್ಲಿ ಟೈರ್ ಮತ್ತು ಅಲೈನ್‌ಮೆಂಟ್ ಕೆಲಸ ಮಾಡುವವನು. ನನ್ನ ಹತ್ತಿರ ಬರುವುದು ಜಾಸ್ತಿ ಟ್ರ್ಯಾಕ್ಟರ್, ಜೀಪು, ಸೇಡಂ ಕಡೆಯ ಸಿಮೆಂಟ್ ಲಾರಿ. ಕೆಲವು ವರ್ಷದ ಹಿಂದೆ ನಿಮ್ಮ ಗಾಡಿಯಂಥದ್ದೇ ಒಂದು ಬಂದಿತ್ತು. ಅಂಗಡಿಯಲ್ಲಿದ್ದ 225/50 ಅನ್ನೇ ಹಿಂದಕ್ಕೆ ಹಾಕಿಕೊಟ್ಟೆ. ಮೂರನೇ ದಿನ ಗಿರಾಕಿ ವಾಪಸ್ ಬಂದರು. ಇಬ್ಬರು ಕೂತು, ಡಿಕ್ಕಿಯಲ್ಲಿ ಸಾಮಾನು ಇಟ್ಟು ಶಹಾಬಾದ್ ಕಡೆ ಹೋದಾಗ ತಗ್ಗು ಬಂದಲ್ಲೆಲ್ಲ ಹಿಂದೆ ಟೈರ್ ಉಜ್ಜುವ ಸದ್ದು. ತಿರುವಿನಲ್ಲಿ ಗಾಡಿಯ ಹಿಂಭಾಗ ಓಲಾಡಿದ ಹಾಗೆ ಆಗುತ್ತಿತ್ತಂತೆ. ಟೈರ್ ಬಿಚ್ಚಿ, ಅವರ ದುಡ್ಡು ವಾಪಸ್ ಕೊಟ್ಟೆ. ಅವತ್ತಿನಿಂದ ಟೈರ್ ನೋಡುವ ಮೊದಲು ರಿಮ್ ನೋಡುತ್ತೇನೆ.

ನೀವೂ ಅಲ್ಲಿಂದಲೇ ಶುರು ಮಾಡಿ. ಅಲಾಯ್ ಮೇಲೆ ಅಚ್ಚೊತ್ತಿದ ನಂಬರ್ ಇರುತ್ತದೆ, ಸಾಮಾನ್ಯವಾಗಿ ಹಿಂಬದಿಯಲ್ಲಿ. ಈ ಗಾಡಿಯ ಕಂಪನಿ ರಿಮ್ ಆದರೆ ಮುಂದಿನದು 7.5 ಜೆ, ಹಿಂದಿನದು 8.5 ಜೆ. ಜೆ ಅಕ್ಷರಕ್ಕೆ ಮೊದಲು ಬರುವ ಅಂಕಿ ರಿಮ್‌ನ ಅಗಲ, ಇಂಚಿನಲ್ಲಿ. 245/40 ಆರ್17 ಟೈರಿಗೆ 8ರಿಂದ 9.5 ಇಂಚಿನ ರಿಮ್ ಬೇಕು. 225/45 ಆರ್17ಗೆ 7ರಿಂದ 8.5. ಆದರೆ 225/50 ಆರ್17ಗೆ 6ರಿಂದ 8 ಇಂಚು ಮಾತ್ರ. ಅಂದರೆ ಅದು ನಿಮ್ಮ ಹಿಂದಿನ ರಿಮ್‌ನ ಟೈರೇ ಅಲ್ಲ. ಗಾಳಿ ಹಿಡಿದರೂ ಪಕ್ಕಗಳು ಎಳೆದುಕೊಂಡು ನಿಲ್ಲುತ್ತವೆ.

ಇನ್ನು ಎತ್ತರ. ಇದನ್ನು ನೀವೇ ಪೆನ್ನು ಹಿಡಿದು ಲೆಕ್ಕ ಹಾಕಬಹುದು. 245ಕ್ಕೆ ಶೇ. 40 ಅಂದರೆ 98 ಮಿ.ಮೀ., ಅದು ಟೈರಿನ ಒಂದು ಪಕ್ಕದ ಎತ್ತರ. ಮೇಲೊಂದು ಕೆಳಗೊಂದು ಸೇರಿ 196. ಅದಕ್ಕೆ 17 ಇಂಚಿನ ರಿಮ್, ಅಂದರೆ 431.8 ಮಿ.ಮೀ. ಕೂಡಿಸಿ. ಒಟ್ಟು ಸುಮಾರು 628. ಇದೇ ಲೆಕ್ಕದಲ್ಲಿ 225/45 ಆರ್17 634 ಆಗುತ್ತದೆ, 225/50 ಆರ್17 657. ಹಿಂದೆ 29 ಮಿ.ಮೀ. ಜಾಸ್ತಿ, ಶೇ. 4.6. ನಾನು ಶೇ. 3 ದಾಟಲು ಬಿಡುವುದಿಲ್ಲ. ಸ್ಪೀಡೋಮೀಟರ್ ತೋರಿಸುವುದಕ್ಕಿಂತ ಗಾಡಿ ಜೋರಾಗಿ ಓಡುತ್ತದೆ, ಮಡ್‌ಗಾರ್ಡ್ ಒಳಗೆ ಉಳಿದಿದ್ದ ಜಾಗವೂ ಹೋಗುತ್ತದೆ. "ಹಾಗಾದರೆ 245/45 ಹಾಕಲಾ?" ಅಂತ ಕೇಳಬಹುದು. ಅದು ರಿಮ್‌ಗೆ ಕೂರುತ್ತದೆ, ಆದರೆ 652 ಆಗುತ್ತದೆ. ಅದೂ ಬೇಡ.

ಹಾಗಾದರೆ ನಾಲ್ಕಕ್ಕೂ 225/45? ಇದಕ್ಕೆ ನಾನು ಪೂರ್ತಿ ಇಲ್ಲ ಅನ್ನುವುದಿಲ್ಲ. 8.5 ಜೆಗೆ ಕೂರುತ್ತದೆ, ಎತ್ತರದಲ್ಲಿ ಶೇ. 1 ಅಷ್ಟೇ ವ್ಯತ್ಯಾಸ. ಭಾರ ಹೊರುವ ನಂಬರ್ ಕೂಡ ಸಾಮಾನ್ಯವಾಗಿ 91 ಇರುತ್ತದೆ, ಅಂದರೆ ಒಂದು ಟೈರಿಗೆ 615 ಕೆಜಿ. 245/40ದೂ ಕಡಿಮೆ ಅಂದರೆ ಅಷ್ಟೇ. ಆದರೆ ಇದು ಹಿಂದಿನ ಚಕ್ರ ತಳ್ಳುವ ಗಾಡಿ. ಹಿಂದೆ ಅಗಲದ ಟೈರ್ ಕೊಟ್ಟಿರುವುದು ಸುಮ್ನೆ ಚೆಂದಕ್ಕಲ್ಲ. ಮಳೆಯಲ್ಲಿ, ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಹಿಂಭಾಗ ಜಾರಬಾರದು ಅಂತ. ನಮ್ಮ ಕಪ್ಪು ಮಣ್ಣು ಡಾಂಬರಿನ ಮೇಲೆ ಬಿದ್ದು ಮೊದಲ ಮಳೆ ಹನಿದರೆ ರಸ್ತೆ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ, ಅಲ್ವಾ? ಹಳೆ ಟೈರ್ ಒಡೆದೇ ಹೋಗಿ ಬೇರೆ ದಾರಿ ಇಲ್ಲ ಅಂದರೆ 225/45 ಹಾಕಿಸಿ, ನಿಧಾನವಾಗಿ ಓಡಿಸಿ. ನನ್ನ ಮನಸ್ಸು ಮಾತ್ರ 245/40ಕ್ಕೇ ಇದೆ.

ಅದು ಸಿಗದ ಸೈಜ್ ಅಲ್ಲ, ನಮ್ಮ ಊರುಗಳ ಅಂಗಡಿಯಲ್ಲಿ ಇಡುವುದಿಲ್ಲ ಅಷ್ಟೇ. ನೀವು ಬೀದರ್‌ನಲ್ಲಿದ್ದೀರಿ. ಜಹೀರಾಬಾದ್ ದಾಟಿದರೆ ಹೈದರಾಬಾದ್ ಎಷ್ಟು ದೂರ? ಅಲ್ಲಿ ಎರಡು ಮೂರು ಕಡೆ ಫೋನ್ ಮಾಡಿ ತರಿಸಿಕೊಳ್ಳಿ. ಮುಂದಿನವು ಚೆನ್ನಾಗಿದ್ದರೆ ಹಿಂದಿನ ಎರಡು ಮಾತ್ರ ಸಾಕು. ಆದರೆ ಎರಡೂ ಒಂದೇ ಕಂಪನಿ, ಒಂದೇ ಮಾಡೆಲ್ ಇರಲಿ. ಸಾಧ್ಯವಾದರೆ ಮುಂದಿನವುಗಳ ಮಾಡೆಲ್‌ನದ್ದೇ ತನ್ನಿ. ಸೈಜ್ ಪಕ್ಕದ ಅಕ್ಷರ ಡಬ್ಲ್ಯೂ ಅಥವಾ ವೈ ಇರಲಿ. ಡಬ್ಲ್ಯೂ ಅಂದರೆ 270 ಕಿ.ಮೀ. ವೇಗದವರೆಗೆ. ಅಷ್ಟು ವೇಗ ನಿಮಗೆ ಬೇಕಿಲ್ಲ, ಆದರೆ ಆ ಟೈರ್ ಬಿಸಿ ತಡೆದುಕೊಳ್ಳುತ್ತದೆ. ಮೇ ತಿಂಗಳ ನಮ್ಮ ರಸ್ತೆಗೆ ಅದು ಬೇಕು.

ದುಡ್ಡು ಕೊಡುವ ಮೊದಲು ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಅಚ್ಚಾಗಿರುವ ನಂಬರಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಮಾರಾಟವಾಗುವ ಸೈಜ್ ಆದ್ದರಿಂದ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿರುವ ಸಾಧ್ಯತೆ ಜಾಸ್ತಿ. ಡಿಸ್ಕೌಂಟ್ ಕೊಟ್ಟರೂ ಹಳೆಯದು ಬೇಡ.

ಗುಂಡಿಯ ಚಿಂತೆಗೆ ಉತ್ತರ ಗಾಳಿಯಲ್ಲಿದೆ. ಎಷ್ಟು ಇರಬೇಕು ಅಂತ ಪೆಟ್ರೋಲ್ ಮುಚ್ಚಳದ ಒಳಗೆ ಅಂಟಿಸಿರುತ್ತಾರೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೋಡಿ. ಮಧ್ಯಾಹ್ನ ಓಡಿಸಿ ಬಂದು ಜಾಸ್ತಿ ತೋರಿಸಿತು ಅಂತ ಗಾಳಿ ಬಿಡಿಸಬೇಡಿ. ಗಾಳಿ ಕಡಿಮೆ ಇದ್ದರೆ ಗುಂಡಿಗೆ ಬಿದ್ದಾಗ ರಿಮ್ಮೇ ನೆಲಕ್ಕೆ ಬಡಿಯುತ್ತದೆ, ಟೈರಿನ ಪಕ್ಕ ಉಬ್ಬುತ್ತದೆ. ಇನ್ನೊಂದು ಮಾತು. ಮುಂದಿನ, ಹಿಂದಿನ ರಿಮ್ ಅಗಲ ಬೇರೆ ಬೇರೆ, ಆದ್ದರಿಂದ ಮುಂದಿನ ಚಕ್ರ ಬಿಚ್ಚಿ ಹಿಂದಕ್ಕೆ ಹಾಕುವ ಹಾಗಿಲ್ಲ. ಅದಕ್ಕೆ ಪಂಕ್ಚರ್ ಕಿಟ್ ಮತ್ತು ಚಿಕ್ಕ ಪಂಪ್ ಗಾಡಿಯಲ್ಲೇ ಇಟ್ಟುಕೊಳ್ಳಿ. ರಾತ್ರಿ ಹುಮನಾಬಾದ್ ಬಿಟ್ಟ ಮೇಲೆ ಕಮಲಾಪುರದ ತನಕ ಈ ಸೈಜಿಗೆ ಯಾರೂ ಸಹಾಯ ಮಾಡಲಾರರು.