ಮೊದಲು ಆ ಮನೆಗೆ ಹೋಗಿ ಬನ್ನಿ

ಕಥೋಲಿಕ ಪಾದ್ರಿಯಾದ ನನಗೆ ಪ್ರಶ್ನೆ ಕೇಳಿ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ತರಹದವು. "ಫಾದರ್, ಅವರು ಮಾಡಿದ್ದು ಪಾಪ ಅಲ್ವಾ?" ಬರೆದವರು ತಮ್ಮ ಬಗ್ಗೆ ಕೇಳಿರುವುದಿಲ್ಲ. ಪಕ್ಕದ ಮನೆಯವರ ಬಗ್ಗೆ ಕೇಳಿರುತ್ತಾರೆ. ನನಗೆ ಇದರಿಂದ ಬೇಸರವಾಗುತ್ತದೆ, ಮುಚ್ಚಿಡುವುದಿಲ್ಲ.

ಪೂಜೆಗೆ ತಡವಾಗಿ ಬಂದವರು ಪರಮಪ್ರಸಾದ ತೆಗೆದುಕೊಳ್ಳಬಹುದೇ? – ಸಾಗರ

ಮಳೆಗಾಲದಲ್ಲಿ ಬಸ್ಸು ತಡವಾದರೆ ಅವರೇನು ಮಾಡಬೇಕು? ಬೇರೆಯವರ ಲೆಕ್ಕ ಇಡಬೇಡಿ.

ನಮ್ಮೂರಿನ ರೈತರೊಬ್ಬರು ಸಾಲದಿಂದ ಆತ್ಮಹತ್ಯೆ ಮಾಡಿಕೊಂಡರು. ಅವರಿಗೆ ಚರ್ಚಿನಲ್ಲಿ ಪೂಜೆ ಮಾಡಿ, ನಮ್ಮ ಸಮಾಧಿ ಜಾಗದಲ್ಲೇ ಮಣ್ಣು ಮಾಡಿದ್ದು ಸರಿಯೇ? ಅಂಥವರು ನರಕಕ್ಕೇ ಹೋಗುತ್ತಾರೆ ಎಂದು ಹಿರಿಯರು ಹೇಳುತ್ತಿದ್ದರು. – ತೀರ್ಥಹಳ್ಳಿ ತಾಲ್ಲೂಕು

ಸರಿ. ನೂರಕ್ಕೆ ನೂರು ಸರಿ.

ಹಿರಿಯರು ಸುಮ್ನೆ ಹೇಳಿದ್ದಲ್ಲ. ನಮ್ಮ ಕಥೋಲಿಕ ಧರ್ಮಸಭೆಯ 1917ರ ಕಾನೂನಿನಲ್ಲಿ, ಬೇಕೆಂದೇ ಜೀವ ಕಳೆದುಕೊಂಡವರಿಗೆ ಚರ್ಚಿನ ಸಮಾಧಿ ಇಲ್ಲ ಎಂದಿತ್ತು. 1983ರಲ್ಲಿ ಹೊಸ ಕಾನೂನು ಬಂದಾಗ ಆ ಮಾತನ್ನೇ ತೆಗೆದುಹಾಕಿದರು. ಧರ್ಮಸಭೆಯ ಬೋಧನೆಗಳನ್ನು ಒಟ್ಟಿಗೆ ಹೇಳುವ 1992ರ ಧರ್ಮೋಪದೇಶ ಗ್ರಂಥ ಇದನ್ನು ಇನ್ನೂ ಬಿಡಿಸಿ ಹೇಳುತ್ತದೆ. ಜೀವ ದೇವರದ್ದು, ಅದನ್ನು ಕಳೆದುಕೊಳ್ಳುವುದು ತಪ್ಪು. ಆದರೆ ಮನಸ್ಸಿನ ಕಾಯಿಲೆ, ವಿಪರೀತ ಭಯ, ಸಂಕಟ ಇದ್ದಾಗ ಮನುಷ್ಯನ ಹೊಣೆ ಕಡಿಮೆಯಾಗುತ್ತದೆ. ದೇವರು ಅಂಥವರ ಕೈಬಿಟ್ಟ ಎಂದು ಯಾರೂ ಅಂದುಕೊಳ್ಳಬಾರದು. ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ಇಷ್ಟು ವರ್ಷ ಕಳೆದರೂ ನಮ್ಮ ಬಾಯಲ್ಲಿ ಮಾತ್ರ ಹಳೇ ಕಾನೂನೇ ಉಳಿದಿದೆ.

ಇನ್ನು ನರಕದ ಮಾತು. ಧರ್ಮಸಭೆ ಎಷ್ಟೋ ಜನರನ್ನು ಸಂತರೆಂದು ಸಾರಿದೆ. ಇಂಥವರು ನರಕದಲ್ಲಿದ್ದಾರೆ ಎಂದು ಒಬ್ಬರ ಹೆಸರನ್ನೂ ಸಾರಿಲ್ಲ. ಪೋಪರೇ ಹೇಳದ್ದನ್ನು ಚರ್ಚಿನ ಅಂಗಳದಲ್ಲಿ ನಿಂತು ನೀವು ಹೇಳುತ್ತೀರಾ?

ಒಂದು ಮಳೆಗಾಲ ಇಂಥದ್ದೇ ಒಂದು ಮನೆಗೆ ಹೋಗಿದ್ದೆ. ಕೊಳೆ ರೋಗಕ್ಕೆ ತೋಟ ಹೋಗಿತ್ತು, ಸೊಸೈಟಿ ಸಾಲ ಬೆಳೆದಿತ್ತು. ಮಣ್ಣು ಮಾಡಿ ಮೂರು ದಿನವಾಗಿತ್ತು. ಜಗಲಿಯ ಮೇಲೆ ಆ ತಾಯಿ ಸ್ಟೀಲ್ ಲೋಟಗಳನ್ನು ಬೋರಲು ಹಾಕಿ ಸಾಲಾಗಿ ಇಟ್ಟಿದ್ದರು. ಇಪ್ಪತ್ತರ ಮೇಲಿದ್ದವು. ಬಂದವರಿಗೆ ಕಾಫಿ ಕೊಡಬೇಕಲ್ಲ. ಸಂಜೆಯವರೆಗೆ ಬಂದವರು ಐದೇ ಜನ. ನಾನು ಹೊರಡುವಾಗ ಉಳಿದ ಲೋಟಗಳನ್ನು ಅವರು ಹಾಗೇ ಎತ್ತಿ ಒಳಗೆ ಒಯ್ಯುತ್ತಿದ್ದರು. ತೊಳೆಯುವ ಕೆಲಸವೂ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಹೋಗಿ. ಹೇಗಾಯ್ತು, ಎಷ್ಟು ಸಾಲ ಇತ್ತು ಎಂದು ಕೇಳಬೇಡಿ. ಮಾತು ಬರದಿದ್ದರೆ ಸುಮ್ಮನೆ ಕೂತು ಕಾಫಿ ಕುಡಿದು ಬನ್ನಿ. ಸೊಸೈಟಿಗೆ, ತಾಲ್ಲೂಕು ಆಫೀಸಿಗೆ ಆಕೆಯ ಜೊತೆ ಹೋಗಿ. ತೀರಿಕೊಂಡು ತಿಂಗಳಾದಾಗ ನಡೆಯುವ ಪೂಜೆಗೆ ಮರೆಯದೆ ಬನ್ನಿ. ಆ ಮನೆಯಲ್ಲಿ ಯಾರಾದರೂ ಊಟ ಬಿಟ್ಟು, ಮಾತು ಬಿಟ್ಟು ಕೂತಿದ್ದರೆ ಬರೀ ಜಪಸರ ಕೊಟ್ಟು ಬರಬೇಡಿ. ಮನಸ್ಸಿನ ಕಷ್ಟಕ್ಕೆಂದೇ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಈ ವಿಷಯದಲ್ಲಿ ನಾಳೆ ನೋಡೋಣ ಅನ್ನುವುದು ನನಗೆ ಭಯ.

ಮಗುವಿಗೆ ಫಿಟ್ಸ್ ಬರುತ್ತದೆ. ಅಜ್ಜನ ಪಾಪದ ಶಾಪ ಇದೆ, ಬಿಡಿಸಲು ಹಣ ಕೊಡಿ ಎಂದು ಪ್ರಾರ್ಥನೆ ಮಾಡುವವರೊಬ್ಬರು ಹೇಳಿದ್ದಾರೆ. – ಭದ್ರಾವತಿ

ಒಂದು ಪೈಸೆ ಕೊಡಬೇಡಿ. ಹುಟ್ಟುಕುರುಡನನ್ನು ಕಂಡು ಶಿಷ್ಯರೂ ಇದನ್ನೇ ಕೇಳಿದರು, ಪಾಪ ಮಾಡಿದವನು ಇವನೋ, ಇವನ ಅಪ್ಪ ಅಮ್ಮನೋ ಎಂದು. ಇವನೂ ಅಲ್ಲ, ಅವರೂ ಅಲ್ಲ ಎಂದರು ಯೇಸು. ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯ ತೆಗೆದು ಆ ಮನುಷ್ಯನ ಮುಂದೆ ಓದಿ. ಯೇಸುವಿನ ಹೆಸರಲ್ಲಿ ಸತ್ತ ಅಜ್ಜನ ಮೇಲೆ ತಪ್ಪು ಹೊರಿಸಿ ದುಡ್ಡು ಮಾಡುವುದು ದ್ರೋಹ. ಮಗುವನ್ನು ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಕೊಟ್ಟ ಮಾತ್ರೆಯನ್ನು ಯಾರ ಮಾತು ಕೇಳಿಯೂ ನಿಲ್ಲಿಸಬೇಡಿ.

ತೀರ್ಪು ಮಾಡಬೇಡಿ ಅಂದರೆ, ಹೆಂಡತಿಗೆ ಹೊಡೆಯುವವನಿಗೂ ಏನೂ ಹೇಳಬಾರದಾ? – ಹೊಸನಗರ

ಹೇಳಬೇಕು, ತಡೆಯಬೇಕು. ಅವನ ಆತ್ಮ ಎಲ್ಲಿಗೆ ಹೋಗುತ್ತದೆ ಎನ್ನುವುದು ದೇವರಿಗೆ ಬಿಟ್ಟದ್ದು, ಅವನ ಕೈ ಹಿಡಿಯುವುದು ನಿಮಗೆ ಬಿಟ್ಟದ್ದು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಆ ರಾತ್ರಿ ಆಕೆಗೂ ಮಕ್ಕಳಿಗೂ ನಿಮ್ಮ ಮನೆಯಲ್ಲಿ ಜಾಗ ಕೊಡಿ.